ಒಂದು ವರ್ಷದ ಪೇಪರ್ ದುಡ್ಡನ್ನು ಒಟ್ಟಿಗೆ ಕೊಡುವ ಮುಂಚೆ

ಮನೆ ಬಾಗಿಲಿಗೆ ಬಂದು "ವರ್ಷದ ಚಂದಾ ಕಟ್ಟಿ, ಕಡಿಮೆ ರೇಟಿಗೆ ಪೇಪರ್ ಬರುತ್ತೆ" ಅನ್ನುವವರಿಗೆ ದುಡ್ಡು ಕೊಡುವ ಮುಂಚೆ ಇದನ್ನೊಮ್ಮೆ ಓದಿ. ನಾನು ಕೊಟ್ಟೆ. 1,499 ರೂಪಾಯಿ ಹೋಗಿದ್ದಕ್ಕಿಂತ, ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಮ್ಮಪ್ಪ ಪೇಪರಿಲ್ಲದೆ ಕೂತಿದ್ದು ನನಗೆ ಜಾಸ್ತಿ ಬೇಜಾರು.

ನಮ್ಮದು ಶಿವಮೊಗ್ಗ. ಅಪ್ಪನಿಗೆ ಎಪ್ಪತ್ತಾರು. ತೀರ್ಥಹಳ್ಳಿ ಕಡೆ ಸ್ವಲ್ಪ ತೋಟ ಇದೆ, ಈಗ ಚಿಕ್ಕಪ್ಪ ನೋಡಿಕೊಳ್ಳುತ್ತಾರೆ. ಬೆಳಿಗ್ಗೆ ಆರು ಗಂಟೆಗೆ ಅಪ್ಪ ಗೇಟಿನ ಹತ್ತಿರ ನಿಂತಿರುತ್ತಾರೆ. ಪೇಪರ್ ಕೈಗೆ ಬಂದರೆ ಮೊದಲು ನೋಡೋದು ಅಡಿಕೆ ಧಾರಣೆ. ರಾಶಿ, ಬೆಟ್ಟೆ, ಸರಕು, ಗೊರಬಲು, ಅಡಿಕೆಯ ಈ ನಾಲ್ಕು ಬಗೆಗೂ ಬಾಲ್‌ಪೆನ್ನಿನಲ್ಲಿ ಸುತ್ತು ಹಾಕಿ ಚಿಕ್ಕಪ್ಪನಿಗೆ ಫೋನ್ ಮಾಡಬೇಕು. ಮಳೆ ಹಿಡಿದರೆ ಲಿಂಗನಮಕ್ಕಿ ಡ್ಯಾಮಿನ ನೀರಿನ ಮಟ್ಟ. ಡ್ಯಾಂ ತುಂಬುವ 1819 ಅಡಿಗೆ ಇನ್ನೆಷ್ಟು ಬಾಕಿ ಅಂತ ದಿನಾ ಲೆಕ್ಕ. ಆಮೇಲೆ ನಿಧನ ವಾರ್ತೆ, ಇವತ್ತು ಯಾವ ಬಡಾವಣೆಗೆ ಕರೆಂಟಿಲ್ಲ ಅನ್ನುವ ಪ್ರಕಟಣೆ. ರಾಜಕೀಯ ಎಲ್ಲ ಮುಗಿದ ಮೇಲೆ.

ಹದಿನಾಲ್ಕು ವರ್ಷದಿಂದ ಒಬ್ಬರೇ ಏಜೆಂಟ್ ಪೇಪರ್ ಹಾಕುತ್ತಿದ್ದರು. ತಿಂಗಳು ಮುಗಿದ ಮೇಲೆ ಬಂದು ದುಡ್ಡು ತಗೊಳ್ಳೋದು. ಊರಿಗೆ ಹೋದರೆ "ನಾಲ್ಕು ದಿನ ಬೇಡ" ಅಂದರೆ ಸಾಕು, ಬಿಲ್ಲಿನಲ್ಲಿ ಕಳೆದುಬಿಡೋರು.

ಕಳೆದ ಮೇ ಕೊನೆಯಲ್ಲಿ ಒಬ್ಬ ಹುಡುಗ ಬಂದ. ಕುತ್ತಿಗೆಯಲ್ಲಿ ಐಡಿ ಕಾರ್ಡು, ಕೈಯಲ್ಲಿ ರಸೀದಿ ಪುಸ್ತಕ. ದಿನಕ್ಕೆ ಆರು ರೂಪಾಯಿ ಅಂದರೆ ವರ್ಷಕ್ಕೆ ಹತ್ತಿರ ಹತ್ತಿರ 2,200 ಆಗುತ್ತೆ ಮೇಡಂ, ನಮ್ಮ ಸ್ಕೀಮಿನಲ್ಲಿ 1,499, ಜೊತೆಗೆ ಒಂದು ಹಾಟ್‌ಬಾಕ್ಸ್ ಫ್ರೀ ಅಂದ. ಹನ್ನೆರಡು ಕೂಪನ್ ಅಂಚೆಯಲ್ಲಿ ಬರುತ್ತೆ, ತಿಂಗಳಿಗೊಂದು ಏಜೆಂಟರಿಗೆ ಕೊಟ್ಟರೆ ಆಯ್ತು, ದುಡ್ಡು ಕೊಡೋ ಹಾಗಿಲ್ಲ ಅಂದ. ಲೆಕ್ಕ ಸರಿ ಇತ್ತು. ಕ್ಯೂಆರ್ ಸ್ಕ್ಯಾನ್ ಮಾಡಿದಾಗ ಪತ್ರಿಕೆಯ ಹೆಸರು ಬರಲಿಲ್ಲ, ಯಾರದೋ ವ್ಯಕ್ತಿಯ ಹೆಸರು ಬಂತು. ಅಲ್ಲೇ ನಿಲ್ಲಿಸಬೇಕಿತ್ತು. "ನಮ್ಮ ಟೀಮ್ ಲೀಡರ್ ಅಕೌಂಟ್" ಅಂದ, ಸುಮ್ನೆ ಒತ್ತಿಬಿಟ್ಟೆ. ರಸೀದಿಯಲ್ಲಿ ಚಂದಾ ಯಾವ ತಿಂಗಳಿಂದ ಶುರು ಅನ್ನುವ ಜಾಗ ಖಾಲಿ ಇತ್ತು. ಅದನ್ನೂ ನೋಡಲಿಲ್ಲ.

ಸ್ಕೀಮಿನ ಪೇಪರ್ ಬೇರೆ. ಹಾಗಾಗಿ ಹಳೆ ಏಜೆಂಟರಿಗೆ ಜೂನ್ ಒಂದರಿಂದ ಬೇಡ ಅಂದೆ. "ಆಯ್ತು ಅಕ್ಕಾ" ಅಂದರು, ಅಷ್ಟೇ.

ಕೂಪನ್ ಬರಲಿಕ್ಕೆ ನಲವತ್ತು ದಿನ ಆಯ್ತು. ಮೊದಲ ಎರಡು ಕೂಪನ್ ಮೇಲೆ ಜೂನ್, ಜುಲೈ ಅಂತ ಅಚ್ಚಾಗಿತ್ತು. ಅಂದರೆ ಜೂನಿನದು ಹಾಗೇ ಸತ್ತಿತ್ತು. ಆ ಪೇಪರಿನ ಏಜೆಂಟರನ್ನು ಹುಡುಕಿದರೆ "ನಿಮ್ಮ ರಸ್ತೆ ನನ್ನ ಲೈನಿಗೆ ಬರೋದಿಲ್ಲ" ಅಂದರು. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ ಪ್ರತಿ ಸಲ ಹೊಸ ದೂರಿನ ನಂಬರ್. ಆಗಸ್ಟ್ ಮಧ್ಯದಲ್ಲಿ ಪೇಪರ್ ಶುರುವಾಯ್ತು. ಅಕ್ಟೋಬರಿನಲ್ಲಿ ಮತ್ತೆ ನಿಂತಿತು.

ಯಾಕೆ ಅಂತ ಆ ಏಜೆಂಟರೇ ಬಿಡಿಸಿ ಹೇಳಿದರು. ಅವರು ಪೇಪರನ್ನು ಪತ್ರಿಕೆಯವರಿಂದ ದುಡ್ಡು ಕೊಟ್ಟು ತರುತ್ತಾರೆ. ನಾವು ನಗದು ಕೊಟ್ಟರೆ ಕಮಿಷನ್ ಆ ತಿಂಗಳೇ ಕೈಗೆ ಸಿಗುತ್ತೆ. ಕೂಪನ್ ಆದರೆ ಅದನ್ನು ಆಫೀಸಿಗೆ ಕಳಿಸಿ, ಅವರು ಲೆಕ್ಕಕ್ಕೆ ಜಮಾ ಮಾಡುವ ತನಕ ಕಾಯಬೇಕು. "ಮೂರು ತಿಂಗಳಿಂದ ಜಮಾ ಆಗಿಲ್ಲ ಅಕ್ಕಾ. ಹುಡುಗರಿಗೆ ಸಂಬಳ ಎಲ್ಲಿಂದ ಕೊಡಲಿ?" ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಮಳೆಯಲ್ಲಿ ಬಂಡಲ್ ಬಿಚ್ಚುವವರು ಅವರು. ಸ್ಕೀಮ್ ಮಾರಿದ ಹುಡುಗನೂ ಪತ್ರಿಕೆಯ ನೌಕರ ಅಲ್ಲವಂತೆ, ಚಂದಾಕ್ಕೆ ಇಷ್ಟು ಅಂತ ಕಮಿಷನ್ ಮೇಲೆ ಓಡಾಡುವವನು. ಅವನ ಫೋನ್ ಜುಲೈನಲ್ಲೇ ಸ್ವಿಚ್ ಆಫ್.

ಆ ದಿನಗಳಲ್ಲಿ ಅಪ್ಪನಿಗೆ ಅಂತ ಒಂದು ಇ-ಪೇಪರ್ ಹಾಕಿಕೊಟ್ಟೆ. ಮೊಬೈಲಿನಲ್ಲಿ ಧಾರಣೆ ಪಟ್ಟಿ ದೊಡ್ಡದು ಮಾಡಿದರೆ ರೇಟು ಪರದೆಯಿಂದ ಆಚೆ ಹೋಗುತ್ತೆ, ಅಡಿಕೆ ಹೆಸರು ಮಾತ್ರ ಉಳಿಯುತ್ತೆ. ಎರಡು ದಿನ ನೋಡಿ ಇಟ್ಟುಬಿಟ್ಟರು. ಒಂದು ದಿನ ಅಡುಗೆಮನೆಯಿಂದ ನೋಡುತ್ತೇನೆ, ಮಾರ್ಕೆಟ್ಟಿನಿಂದ ತಂದ ಸೇವಂತಿಗೆ ಹೂವನ್ನು ತಟ್ಟೆಗೆ ಸುರಿದು, ಸುತ್ತಿ ಕೊಟ್ಟಿದ್ದ ಒದ್ದೆ ಪೇಪರನ್ನು ಮೊಣಕಾಲ ಮೇಲೆ ಹರಡಿಕೊಂಡು ಭೂತಗನ್ನಡಿ ಹಿಡಿದು ಓದುತ್ತಿದ್ದಾರೆ. ಹದಿನೈದು ದಿನ ಹಳೆಯದು.

ಆ ಇ-ಪೇಪರಿಗೆ ನಾನು ಆಟೋಪೇ ಒಪ್ಪಿದ್ದು ಮರೆತೇ ಹೋಗಿತ್ತು. ದುಡ್ಡು ಕಡಿತ ಆಗುವ ಹಿಂದಿನ ದಿನ ಮೆಸೇಜ್ ಬಂತು. ಅಂಥ ಮೆಸೇಜ್ ಬಂದರೆ ಅಳಿಸಬೇಡಿ. ಯುಪಿಐ ಆ್ಯಪಿನಲ್ಲೇ ಆಟೋಪೇ ಅಂತ ಇರುತ್ತೆ, ಅಲ್ಲಿ ಹೋಗಿ ರದ್ದು ಮಾಡಬಹುದು. ಇ-ಪೇಪರ್ ಆ್ಯಪನ್ನು ಫೋನಿನಿಂದ ತೆಗೆದುಹಾಕಿದರೆ ಸಾಲದು.

ಕೊನೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದೆ. ರಸೀದಿ, ಯುಪಿಐ ಸ್ಕ್ರೀನ್‌ಶಾಟ್, ಉಳಿದ ಕೂಪನ್‌ಗಳ ಫೋಟೋ ಎಲ್ಲ ಇಟ್ಟುಕೊಂಡಿದ್ದೆ. ಆಮೇಲೆ ಪತ್ರಿಕೆಯ ಆಫೀಸಿನಿಂದ ಅವರಾಗಿಯೇ ಫೋನ್ ಮಾಡಿದರು. 750 ರೂಪಾಯಿ ವಾಪಸ್ ಬಂತು. ಅಷ್ಟಕ್ಕೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಕೊಟ್ಟ ಮೊತ್ತ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕ ಇಲ್ಲ.

ಪೇಪರ್ ತರಿಸೋದೇ ದಂಡ ಅಂತ ನಾನು ಹೇಳುತ್ತಿಲ್ಲ. ನಮ್ಮ ಮನೆಗೆ ಅದು ಬೇಕೇ ಬೇಕು. ನಿಮ್ಮ ಮನೆಯಲ್ಲಿ ಮಡಿಕೆ ಬಿಚ್ಚದ ಪೇಪರ್ ವಾರಕ್ಕೆ ನಾಲ್ಕು ಉಳಿಯುತ್ತಿದ್ದರೆ ಭಾನುವಾರ ಮಾತ್ರ ಅಂಗಡಿಯಿಂದ ತಂದರೆ ಸಾಕು. ದಿನಾ ಓದುವವರು ಇದ್ದರೆ ತಿಂಗಳ ಲೆಕ್ಕದಲ್ಲಿ ತರಿಸಿ. ಸರಿ ಬರಲಿಲ್ಲ ಅಂದರೆ ಮುಂದಿನ ತಿಂಗಳು ಬಿಡಿಸಬಹುದು. ವರ್ಷದ ಸ್ಕೀಮೇ ಬೇಕು ಅಂದರೆ ಮೊದಲು ನಿಮ್ಮ ರಸ್ತೆಗೆ ಆ ಪೇಪರ್ ಹಾಕುವ ಏಜೆಂಟರನ್ನು ಕೇಳಿ, ಕೂಪನ್ ತಗೋತೀರಾ ಅಂತ. ಅವರು ಹೂಂ ಅಂದ ಮೇಲೆ ದುಡ್ಡು ಕೊಡಿ, ಅದೂ ಪತ್ರಿಕೆಯ ಹೆಸರಿನ ಖಾತೆಗೆ.

ನವೆಂಬರಿನಲ್ಲಿ ಒಂದು ದಿನ ಬೆಳಿಗ್ಗೆ ಐದಕ್ಕೆ ಬಸ್‌ಸ್ಟ್ಯಾಂಡ್ ಹತ್ತಿರ ಹೋದೆ. ಹಳೆ ಏಜೆಂಟ್ ಫುಟ್‌ಪಾತಿನಲ್ಲಿ ಕೂತು ಪುರವಣಿ ಸೇರಿಸುತ್ತಿದ್ದರು. ಏನು ಹೇಳಲಿ ಅಂತ ಗೊತ್ತಾಗದೆ ನಿಂತೆ. ಅವರೇ ತಲೆ ಎತ್ತಿ "ಅಪ್ಪಾಜಿ ಹುಷಾರಾಗಿದಾರಾ ಅಕ್ಕಾ? ನಾಳೆಯಿಂದ ಹಾಕ್ಲಾ?" ಅಂದರು. ಅಡ್ವಾನ್ಸ್ ಕೊಡಲು ಹೋದರೆ ತಗೊಳ್ಳಲಿಲ್ಲ. ಆವತ್ತಿನ ಪೇಪರೊಂದನ್ನು ಮಡಚಿ ಕೈಗಿಟ್ಟರು.