ವಾದ ಬರೆಯಲು ಕಲಿಸುವ ಪದಚೀಟಿಗಳ ಪೆಟ್ಟಿಗೆ: ಆರು ತಿಂಗಳ ಬಳಕೆಯ ಅನುಭವ

ಬಾಗಲಕೋಟೆಯ ನವನಗರದ ಸ್ಟೇಶನರಿ ಅಂಗಡಿಯೊಂದರಲ್ಲಿ ಕಳೆದ ಜೂನ್ ತಿಂಗಳಿನಲ್ಲಿ 320 ರೂಪಾಯಿ ಕೊಟ್ಟು ತಂದ ಪದಚೀಟಿಗಳ ಪೆಟ್ಟಿಗೆಯನ್ನು ನಾನು ಏಳನೆಯ ತರಗತಿಯ ಕನ್ನಡ ಪಾಠದಲ್ಲಿ ಆರು ತಿಂಗಳು ಬಳಸಿದ್ದೇನೆ. ಆರರಿಂದ ಎಂಟನೆಯ ತರಗತಿಯ ಮಕ್ಕಳಿಗೆ ವಾದ ಮಂಡಿಸುವ ಮತ್ತು ಓದುವವರ ಮನವೊಲಿಸುವ ಬರವಣಿಗೆಗೆ ಬೇಕಾದ ಪದಗಳನ್ನು ಕಲಿಸುವುದಕ್ಕೆಂದೇ ಇದನ್ನು ಸಿದ್ಧಪಡಿಸಿದ್ದಾರೆ. ಒಳಗಿರುವ 96 ಚೀಟಿಗಳಲ್ಲಿ ಒಂದು ಬದಿಗೆ ಪದ, ಇನ್ನೊಂದು ಬದಿಗೆ ಅರ್ಥ ಮತ್ತು ಮಾದರಿ ವಾಕ್ಯ ಇವೆ. ನೀಲಿ ಚೀಟಿಗಳು ನಿಲುವು, ಕಾರಣ, ಆಧಾರಗಳಿಗೆ. ಹಸಿರು ಚೀಟಿಗಳು ವಾಕ್ಯಗಳನ್ನು ಜೋಡಿಸುವ ಪದಗಳಿಗೆ. ಕೆಂಪು ಚೀಟಿಗಳು ಎದುರಾಳಿಯ ಮಾತಿಗೆ ಉತ್ತರ ಕೊಡುವ ಪದಗಳಿಗೆ ಮೀಸಲು.

ನಮ್ಮ ಮಕ್ಕಳು ಪ್ರಬಂಧವೆಂದರೆ ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಎಂಬ ಮೂರು ಉಪಶೀರ್ಷಿಕೆಗಳನ್ನು ಮೊದಲೇ ಬರೆದಿಟ್ಟುಕೊಂಡು, ನಡುವಿನ ಜಾಗವನ್ನು ತುಂಬುವ ಕೆಲಸವೆಂದು ತಿಳಿದಿರುತ್ತಾರೆ. ಮೇಲೆ ಯಾವ ಕಾರಣವನ್ನೂ ಹೇಳದಿದ್ದರೂ ಕೊನೆಯ ಪರಿಚ್ಛೇದ ‘ಆದ್ದರಿಂದ’ ಎಂದೇ ಆರಂಭವಾಗುತ್ತದೆ. ಈ ಅಭ್ಯಾಸವನ್ನು ಬಿಡಿಸಿದ್ದು ಕೆಂಪು ಚೀಟಿಗಳು. ಪೆಟ್ಟಿಗೆಗೆ ಕೊಟ್ಟ ಹಣ ಅಲ್ಲಿಗೇ ಸಾರ್ಥಕವಾಯಿತೆಂದು ನಾನು ಭಾವಿಸುತ್ತೇನೆ.

ಆಗಸ್ಟ್ ತಿಂಗಳಿನಲ್ಲಿ ಆಲಮಟ್ಟಿ ಅಣೆಕಟ್ಟಿನ ವಿಷಯವನ್ನು ಚರ್ಚೆಗೆ ಕೊಟ್ಟೆ. ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ನ್ಯಾಯಮೂರ್ತಿ ಬ್ರಿಜೇಶ್ ಕುಮಾರ್ ನೇತೃತ್ವದ ಕೃಷ್ಣಾ ಜಲವಿವಾದ ನ್ಯಾಯಾಧಿಕರಣ 2010ರಲ್ಲಿ ಒಪ್ಪಿಗೆ ನೀಡಿದ್ದನ್ನು ಹೇಳಿ, ಏರಿಸಬೇಕೇ ಬೇಡವೇ ಎಂದು ಬರೆಯಲು ತಿಳಿಸಿದೆ. ಹಿನ್ನೀರಿನಿಂದಾಗಿ ಹಳೆಯ ಊರು ಬಿಟ್ಟು ನವನಗರದ ಸೆಕ್ಟರುಗಳಿಗೆ ಬಂದ ಕುಟುಂಬಗಳ ಮಕ್ಕಳೇ ಹೆಚ್ಚಾಗಿರುವ ತರಗತಿಯಲ್ಲಿ ಇದು ಪುಸ್ತಕದ ವಿಷಯವಲ್ಲ. ಒಬ್ಬ ಹುಡುಗಿ ಮೊದಲು ಬರೆದದ್ದು, ‘ಎತ್ತರ ಏರಿಸಬಾರದು, ಯಾಕೆಂದರೆ ನಮ್ಮ ಅಜ್ಜಿಯ ಮನೆ ಹೋಯಿತು’ ಎಂಬ ಒಂದೇ ವಾಕ್ಯ. ‘ಎಂಬುದು ನಿಜ’, ‘ಹಾಗೆಂದ ಮಾತ್ರಕ್ಕೆ’ ಎಂಬ ಎರಡು ಕೆಂಪು ಚೀಟಿಗಳನ್ನು ಅವಳ ಮುಂದೆ ಇಟ್ಟೆ. ಸ್ವಲ್ಪ ಹೊತ್ತಿನ ನಂತರ ಅವಳ ಹಾಳೆಯಲ್ಲಿ ಇದ್ದದ್ದು ಇದು: ‘ಇನ್ನಷ್ಟು ಹೊಲಗಳಿಗೆ ನೀರು ಸಿಗುತ್ತದೆ ಎಂಬುದು ನಿಜ. ಹಾಗೆಂದ ಮಾತ್ರಕ್ಕೆ ಒಮ್ಮೆ ಮನೆ ಬಿಟ್ಟವರನ್ನು ಮತ್ತೊಮ್ಮೆ ಎಬ್ಬಿಸುವುದು ಸರಿಯಲ್ಲ.’ ಎದುರು ಪಕ್ಷದವರ ಮಾತಿಗೆ ಮೊದಲು ಮನ್ನಣೆ ಕೊಟ್ಟು, ಆಮೇಲೆ ತನ್ನ ಮಾತನ್ನು ಹೂಡುವುದನ್ನು ಹನ್ನೆರಡು ವರ್ಷದ ಮಗು ಹೀಗೆ ಕಲಿತದ್ದನ್ನು ಕಂಡು ನನಗಾದ ಸಂತೋಷ ಸಣ್ಣದಲ್ಲ.

ಇದೇ ಹುಡುಗಿ ಕೊಕ್ಕೊ ಆಡುವಾಗ ‘ನೀ ಹೇಳೂದು ಖರೇ ಐತಿ, ಹಂಗಂತ ನಾ ಔಟ್ ಅಲ್ಲ’ ಎಂದು ಜಗಳ ಮಾಡುವುದನ್ನು ನಾನು ಕೇಳಿದ್ದೇನೆ. ‘ಹಂಗಂತ’ ಎಂಬುದೇ ‘ಹಾಗೆಂದ ಮಾತ್ರಕ್ಕೆ’ ಎಂದು ಹಲಗೆಯ ಮೇಲೆ ಬರೆದು ತೋರಿಸಿದ ದಿನದಿಂದ ಮಕ್ಕಳು ಈ ಪದಗಳಿಗೆ ಅಂಜುವುದನ್ನು ಬಿಟ್ಟರು. ಆಡುಮಾತಿನಿಂದ ಬರವಣಿಗೆಯ ಭಾಷೆಗೆ ಕರೆದೊಯ್ಯುವ ಇಂಥ ಒಂದು ಚೀಟಿಯೂ ಪೆಟ್ಟಿಗೆಯಲ್ಲಿ ಇಲ್ಲ. ಅದು ದೊಡ್ಡ ಕೊರತೆ. ಅದರ ಬದಲು ‘ಪ್ರತಿಪಾದನೆ’ ಎಂಬ ಪದಕ್ಕೆ ‘ವಿಚಾರದ ಸಯುಕ್ತಿಕ ಮಂಡನೆ’ ಎಂಬ, ಪದಕ್ಕಿಂತ ಕಠಿಣವಾದ ಅರ್ಥವನ್ನು ಕೊಟ್ಟಿದ್ದಾರೆ.

ಇನ್ನೊಂದು ಕೊರತೆ ವಾದದ ಸ್ವರೂಪಕ್ಕೇ ಸಂಬಂಧಿಸಿದ್ದು. ವಾದದ ಅಂಗಗಳನ್ನು 1958ರಲ್ಲಿ ವಿವರಿಸಿದ ಬ್ರಿಟಿಷ್ ತತ್ತ್ವಜ್ಞಾನಿ ಸ್ಟೀಫನ್ ಟೌಲ್ಮಿನ್, ನಿಲುವು ಮತ್ತು ಆಧಾರಗಳ ಜೊತೆಗೆ, ನಿಲುವು ಎಷ್ಟರ ಮಟ್ಟಿಗೆ ಖಚಿತ ಎಂಬುದನ್ನು ಸೂಚಿಸುವ ಪದಗಳಿಗೂ ಪ್ರತ್ಯೇಕ ಸ್ಥಾನ ಕೊಟ್ಟಿದ್ದರು. ಪೆಟ್ಟಿಗೆಯಲ್ಲಿ ‘ನಿಸ್ಸಂದೇಹವಾಗಿ’, ‘ಖಂಡಿತವಾಗಿ’ ಇವೆ; ‘ಬಹುಶಃ’, ‘ಬಹುಪಾಲು’, ‘ಸಾಮಾನ್ಯವಾಗಿ’, ‘ನನಗೆ ತಿಳಿದ ಮಟ್ಟಿಗೆ’ ಇಲ್ಲ. ಪರಿಣಾಮವಾಗಿ ಮಕ್ಕಳು ‘ಎಲ್ಲ ರೈತರೂ ಒಪ್ಪುತ್ತಾರೆ’ ಎಂದು ಬರೆಯುತ್ತಾರೆ, ಪಕ್ಕದ ಬೆಂಚಿನಲ್ಲಿ ಒಪ್ಪದ ರೈತನ ಮಗ ಕುಳಿತಿರುತ್ತಾನೆ. ಆ ಪದಗಳನ್ನು ನಾನೇ ಹಳೆಯ ಮದುವೆ ಪತ್ರಿಕೆಗಳ ಹಿಂಬದಿಗೆ ಬರೆದು ಸೇರಿಸಿದೆ.

ಎರಡು ಅರ್ಥದ ಪದಗಳ ಬಗ್ಗೆಯೂ ಪೆಟ್ಟಿಗೆ ಎಚ್ಚರಿಸುವುದಿಲ್ಲ. ‘ಮುಳುಗಡೆಯಾದವರಿಗೆ ಇನ್ನೂ ಪರಿಹಾರ ಸಿಕ್ಕಿಲ್ಲ’ ಎಂದು ಒಬ್ಬ ಓದಿದಾಗ ಇನ್ನೊಬ್ಬ ಎದ್ದು ನಿಂತು, ‘ನಮ್ಮ ಮನ್ಯಾಗ ರೊಕ್ಕ ಬಂದೈತಲ್ಲರೀ ಸರ್’ ಎಂದ. ಮೊದಲನೆಯವನು ಸಮಸ್ಯೆ ಬಗೆಹರಿಯುವುದನ್ನು ಪರಿಹಾರವೆಂದಿದ್ದ, ಎರಡನೆಯವನು ಸರ್ಕಾರ ಕೊಟ್ಟ ಹಣವನ್ನು. ಬಳಸುವ ಪದದ ಅರ್ಥವನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕೆಂಬ ಪಾಠ ಅಂದು ಇಡೀ ತರಗತಿಗೆ ಆಯಿತು. ‘ಭೂಸ್ವಾಧೀನ’, ‘ಮುಳುಗಡೆ’, ‘ತ್ಯಾಗ’ ಎಂಬ ಮೂರು ಪದಗಳು ಒಂದೇ ಘಟನೆಯನ್ನು ಹೇಳುತ್ತಿದ್ದರೂ ಓದುವವರ ಮನಸ್ಸನ್ನು ಬೇರೆ ಬೇರೆ ಕಡೆಗೆ ಒಲಿಸುತ್ತವೆ ಎಂಬುದನ್ನೂ ಆ ದಿನವೇ ಚರ್ಚಿಸಿದೆವು.

ಕಾಗದ ಗಟ್ಟಿಯಾಗಿದೆ, ಅಕ್ಷರ ದೊಡ್ಡದಾಗಿದೆ. ನಲವತ್ತು ಮಕ್ಕಳ ತರಗತಿಯಲ್ಲಿ ಒಬ್ಬೊಬ್ಬರಿಗೂ ಹಂಚಲು ಒಂದು ಪೆಟ್ಟಿಗೆ ಸಾಲದು. ಆದರೆ ಐದೈದು ಮಕ್ಕಳ ಗುಂಪು ಮಾಡಿ, ಗುಂಪಿಗೆ ಹನ್ನೆರಡು ಚೀಟಿಗಳಂತೆ ಹಂಚಿದರೆ ಒಂದು ಅವಧಿಯಲ್ಲಿ ಕೆಲಸ ಮುಗಿಯುತ್ತದೆ. ಮನೆಯಲ್ಲಿ ಮಕ್ಕಳ ಕೈಗೆ ಸುಮ್ಮನೆ ಕೊಟ್ಟುಬಿಡುವ ಪಾಲಕರಿಗೆ ನಾನು ಇದನ್ನು ಸೂಚಿಸುವುದಿಲ್ಲ, ಏಕೆಂದರೆ ಜೊತೆಗೆ ಕುಳಿತು ವಾದಿಸುವವರಿಲ್ಲದಿದ್ದರೆ ಚೀಟಿಗಳು ಬಾಯಿಪಾಠದ ಸಾಮಗ್ರಿಯಾಗುತ್ತವೆ. ಶಿಕ್ಷಕರು ಕೊಳ್ಳಬಹುದು. ಬರುವ ಜೂನ್‌ನಲ್ಲಿ ನಾನು ಇನ್ನೊಂದು ಪೆಟ್ಟಿಗೆ ತರುವವನಿದ್ದೇನೆ. ಈಗಿರುವುದರಲ್ಲಿ ಕೆಂಪು ಚೀಟಿಗಳ ಅಂಚುಗಳೆಲ್ಲ ಸವೆದು ಹೋಗಿವೆ.