ಹಳೇ ಕಂಪ್ಯೂಟರ್‌ನಲ್ಲಿ ಟಿಕ್ ಟಿಕ್ ಸದ್ದು ಬರ್ತಿದೆಯಾ? ರಿಪೇರಿಗೆ ಕೊಡುವ ಮೊದಲು ಇದನ್ನು ಓದಿ

ಮನೆಯ ಹಳೇ ಡೆಸ್ಕ್‌ಟಾಪ್‌ನಿಂದ ಟಿಕ್, ಟಿಕ್, ಟಿಕ್ ಅಂತ ಒಂದೇ ಲಯದಲ್ಲಿ ಸದ್ದು ಬರುತ್ತಿದ್ದರೆ, ಆ ಸದ್ದಿನ ಜೊತೆಗೇ ಸ್ಕ್ರೀನ್ ಆಗಾಗ ಗಕ್ಕನೆ ನಿಂತುಬಿಡುತ್ತಿದ್ದರೆ, ಈಗಲೇ ಆಫ್ ಮಾಡಿ. ಅದು ಫೈಲುಗಳನ್ನೆಲ್ಲ ಇಟ್ಟುಕೊಳ್ಳುವ ಹಾರ್ಡ್ ಡಿಸ್ಕ್ ಕೆಡುತ್ತಿರುವ ಸದ್ದಾಗಿರಬಹುದು. ಇನ್ನೊಂದು ಸಲ ಆನ್ ಮಾಡಿ ನೋಡೋಣ ಅನ್ನಬೇಡಿ. ಯಾರಾದರೂ ಫೋನಿನಲ್ಲೇ "ಅದು ಫ್ಯಾನ್ ಧೂಳು, ಏನೂ ಆಗಲ್ಲ" ಅಂದರೆ ನಂಬಬೇಡಿ.

ನಮ್ಮ ಮನೆಯಲ್ಲಿ ಆಗಿದ್ದನ್ನು ಹೇಳುತ್ತೇನೆ. ಆ ಕಂಪ್ಯೂಟರ್‌ನಲ್ಲಿ ಅಪ್ಪ ಬಹಳ ವರ್ಷಗಳಿಂದ ಟೈಪ್ ಮಾಡಿಟ್ಟ ಟಿಪ್ಪಣಿಗಳಿದ್ದವು, ಮನೆಯವರ ಹಳೇ ಫೋಟೋಗಳಿದ್ದವು. ಸದ್ದು ಶುರುವಾದ ದಿನವೇ ಆಫ್ ಮಾಡಿ ರಿಪೇರಿಯವರ ಹತ್ತಿರ ಒಯ್ದೆವು. ಮೊದಲು ಒಳಗಿರೋ ಫೈಲುಗಳನ್ನು ಕಾಪಿ ಮಾಡಿ, ಆಮೇಲೆ ಬೇರೆ ಕೆಲಸ ಅಂತ ಬಾಯಿಬಿಟ್ಟು ಹೇಳಿದ್ದೆವು. ಅವರು ತಲೆ ಆಡಿಸಿದರು. ಮಾಡಿದ್ದು ಮಾತ್ರ ಬೇರೆ. ಮೊದಲು ಫ್ಯಾನ್ ಬದಲಾಯಿಸಿದರು, ಸದ್ದು ಹೋಗಲಿಲ್ಲ. ಪವರ್ ಸಪ್ಲೈ ಬದಲಾಯಿಸಿದರು, ಆಗಲೂ ಹೋಗಲಿಲ್ಲ. ಕೊನೆಗೆ ವಿಂಡೋಸ್ ಕೆಟ್ಟಿದೆ ಅಂತ ತಾವೇ ತೀರ್ಮಾನ ಮಾಡಿ, ನಮಗೆ ಒಂದು ಮಾತೂ ತಿಳಿಸದೆ, ಅದೇ ಡಿಸ್ಕನ್ನು, ಒಳಗಿದ್ದದ್ದನ್ನೆಲ್ಲ ಅಳಿಸಿ ಹೊಸದಾಗಿ ಸಿದ್ಧ ಮಾಡುವ ಪೂರ್ತಿ ಫಾರ್ಮ್ಯಾಟ್‌ಗೆ ಹಾಕಿದರು. ಬ್ಯಾಡ್ ಸೆಕ್ಟರ್ (ಡಿಸ್ಕಿನಲ್ಲಿ ಓದಲಾಗದ ಜಾಗ) ಸರಿ ಹೋಗುತ್ತೆ ಅಂತ ಕ್ವಿಕ್ ಫಾರ್ಮ್ಯಾಟ್ ಅನ್ನೋ ಟಿಕ್ ಗುರುತನ್ನೂ ತೆಗೆದಿದ್ದರು. ಅದು ಅರ್ಧದಲ್ಲಿ ನಿಂತಿತು. ಆಮೇಲೆ ಡಿಸ್ಕ್ ಏಳಲೇ ಇಲ್ಲ.

"ಫಾರ್ಮ್ಯಾಟ್ ಆದ್ರೂ ವಾಪಸ್ ತೆಗೀಬಹುದು ಬಿಡಿ" ಅಂದರು. ಈ ಮಾತು ಎಷ್ಟು ಜನರ ಬಾಯಲ್ಲಿ ಓಡಾಡುತ್ತದೋ ಗೊತ್ತಿಲ್ಲ, ಆದರೆ ಇದು ಅರ್ಧ ಸತ್ಯ. ಕ್ವಿಕ್ ಫಾರ್ಮ್ಯಾಟ್ ಆದರೆ ಫೈಲುಗಳು ಬಹುಮಟ್ಟಿಗೆ ಅಲ್ಲೇ ಇರುತ್ತವೆ, ಅವುಗಳ ಪಟ್ಟಿ ಮಾತ್ರ ಅಳಿಸಿರುತ್ತದೆ. ಪೂರ್ತಿ ಫಾರ್ಮ್ಯಾಟ್ ಹಾಗಲ್ಲ. ವಿಂಡೋಸ್ ವಿಸ್ಟಾದಿಂದ ಈಚೆಗೆ ಅದು ಡಿಸ್ಕಿನ ಉದ್ದಕ್ಕೂ ಸೊನ್ನೆ ಬರೆಯುತ್ತಾ ಹೋಗುತ್ತದೆ. ಸೊನ್ನೆ ಬರೆದ ಜಾಗದಲ್ಲಿದ್ದದ್ದು ಹೋದಂತೆಯೇ. ಡೇಟಾ ರಿಕವರಿ ಮಾಡುವವರು (ಕೆಟ್ಟ ಡಿಸ್ಕಿನಿಂದ ಫೈಲು ವಾಪಸ್ ತೆಗೆಯುವವರು) ಡಿಸ್ಕ್ ನೋಡಿ ಅದನ್ನೇ ಹೇಳಿದರು. ಫಾರ್ಮ್ಯಾಟ್ ಮುಟ್ಟದ ಭಾಗದಿಂದ ಕೆಲವು ಫೋಟೋ ಸಿಕ್ಕವು. ಅಪ್ಪನ ಟಿಪ್ಪಣಿ ಒಂದೂ ಸಿಗಲಿಲ್ಲ.

ಆ ಟಿಕ್ ಸದ್ದು ಯಾಕೆ ಬರುತ್ತದೆ ಅಂತ ತಿಳಿದರೆ ಇದು ಎಷ್ಟು ದೊಡ್ಡ ಅನಾಹುತ ಅಂತ ಅರ್ಥವಾಗುತ್ತದೆ. ಹಾರ್ಡ್ ಡಿಸ್ಕ್ ಒಳಗೆ ತಟ್ಟೆಗಳು ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತಿರುತ್ತವೆ. ಓದುವ ಹೆಡ್ ಅವುಗಳಿಗೆ ತಾಗದೆ, ಕೂದಲೆಳೆಗಿಂತ ಎಷ್ಟೋ ಕಡಿಮೆ ಅಂತರದಲ್ಲಿ ತೇಲುತ್ತದೆ. ಹೆಡ್‌ಗೆ ತಾನು ಎಲ್ಲಿದ್ದೇನೆ ಅಂತ ಗುರುತು ಸಿಗದಿದ್ದರೆ ಅದು ಶುರುವಿನ ಜಾಗಕ್ಕೆ ವಾಪಸ್ ಹೋಗಿ ಮತ್ತೆ ಹುಡುಕುತ್ತದೆ. ಸಿಗದಿದ್ದರೆ ಮತ್ತೆ ವಾಪಸ್. ಆ ಹೋಗಿ ಬರುವ ಸದ್ದೇ ಟಿಕ್ ಟಿಕ್. ಹೆಡ್ ಹಾಳಾಗಿ ತಟ್ಟೆಗೆ ತಾಗಿದರೆ ಗೀರು ಬೀಳುತ್ತದೆ, ಗೀರಿದ ಜಾಗವನ್ನು ಯಾರೂ ಓದಿಕೊಡಲಾರರು. ಇಂಥ ಡಿಸ್ಕ್ ಮೇಲೆ ಡಿಫ್ರಾಗ್ (ಫೈಲುಗಳನ್ನು ಒಪ್ಪವಾಗಿ ಜೋಡಿಸುವುದು), ಚೆಕ್ ಡಿಸ್ಕ್ (ತಪ್ಪು ಹುಡುಕಿ ಸರಿಪಡಿಸುವುದು), ರಾತ್ರಿಯಿಡೀ ವೈರಸ್ ಸ್ಕ್ಯಾನ್ ಇವೆಲ್ಲ ಮಾಡಿದರೆ ಅದರ ಉಳಿದ ಆಯಸ್ಸನ್ನೂ ನಾವೇ ತೆಗೆದ ಹಾಗೆ.

ಸದ್ದು ಫ್ಯಾನಿನದ್ದೋ ಡಿಸ್ಕಿನದ್ದೋ ಅಂತ ತಿಳಿಯೋದು ಕಷ್ಟವೇನಲ್ಲ. ಫ್ಯಾನ್ ಆದರೆ ಗರಗರ ಅಂತ ಎಡೆಬಿಡದೆ ಬರುತ್ತದೆ, ವೇಗ ಹೆಚ್ಚು ಕಡಿಮೆ ಆದಂತೆ ಸದ್ದೂ ಬದಲಾಗುತ್ತದೆ. ಬೇರಿಂಗ್ ಸವೆದಿದ್ದರೆ ಆನ್ ಮಾಡಿದ ಹೊತ್ತಿನಲ್ಲಿ ಜಾಸ್ತಿ ಇದ್ದು ಬಿಸಿಯಾದ ಮೇಲೆ ಇಳಿಯಬಹುದು. ಒಂದು ವೈರು ಫ್ಯಾನಿಗೆ ತಾಗುತ್ತಿದ್ದರೂ ಟಕಟಕ ಅನ್ನುತ್ತದೆ. ಅನುಮಾನ ಇದ್ದರೆ ಪ್ಲಗ್ ಕಿತ್ತು, ಡಿಸ್ಕಿಗೆ ಹೋಗುವ ಪವರ್ ಕೇಬಲ್ ಮತ್ತು ಡೇಟಾ ಕೇಬಲ್ ಎರಡನ್ನೂ ತೆಗೆದು, ಬರೀ ಮದರ್‌ಬೋರ್ಡ್ ಮತ್ತು ಫ್ಯಾನ್ ಓಡುವಂತೆ ಆನ್ ಮಾಡಿ. ವಿಂಡೋಸ್ ಬರಲ್ಲ, ಬರಬೇಕಾಗಿಯೂ ಇಲ್ಲ. ಸದ್ದು ಇನ್ನೂ ಇದ್ದರೆ ಡಿಸ್ಕ್ ಅಲ್ಲ. ಸದ್ದು ಹೋದರೆ ಡಿಸ್ಕೇ. ನಮ್ಮ ರಿಪೇರಿಯವರು ಇಷ್ಟು ಮಾಡಿದ್ದರೆ ಸಾಕಿತ್ತು. ಅದೇ ನನಗೆ ಇವತ್ತಿಗೂ ಸಿಟ್ಟು ಬರಿಸುವ ವಿಷಯ.

ಡಿಸ್ಕ್ ಇನ್ನೂ ಟಿಕ್ ಅನ್ನುವ ಹಂತಕ್ಕೆ ಬಂದಿಲ್ಲ, ಸುಮ್ನೆ ನಿಧಾನ ಆಗಿದೆ ಅಂದರೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅಂತ ಉಚಿತ ಸಾಫ್ಟ್‌ವೇರ್ ಇದೆ, ಡಿಸ್ಕ್ ತನ್ನ ಬಗ್ಗೆ ತಾನೇ ಬರೆದಿಟ್ಟುಕೊಂಡ ಸ್ಮಾರ್ಟ್ ಮಾಹಿತಿಯನ್ನು ತೋರಿಸುತ್ತದೆ. ರೀಅಲೊಕೇಟೆಡ್ ಸೆಕ್ಟರ್ (ಕೆಟ್ಟು, ಬದಲಿಗೆ ಬೇರೆ ಕಡೆ ಕೊಟ್ಟ ಜಾಗ), ಕರೆಂಟ್ ಪೆಂಡಿಂಗ್ ಸೆಕ್ಟರ್ (ಓದಲು ತೊಂದರೆ ಕೊಡುತ್ತಿರುವ ಜಾಗ) ಅನ್ನೋ ಸಾಲುಗಳಲ್ಲಿ ಸೊನ್ನೆ ಬಿಟ್ಟು ಬೇರೆ ಸಂಖ್ಯೆ ಇದ್ದು, ಅದು ಏರುತ್ತಾ ಹೋದರೆ ಅವತ್ತೇ ಕಾಪಿ ತೆಗೆಯಿರಿ. ಆದರೆ ಅಲ್ಲಿ ಗುಡ್ ಅಂತ ಬಂದರೂ ಕಿವಿಗೆ ಟಿಕ್ ಟಿಕ್ ಕೇಳುತ್ತಿದ್ದರೆ ಕಿವಿಯನ್ನೇ ನಂಬಿ. ಸ್ಮಾರ್ಟ್ ಎಲ್ಲವನ್ನೂ ಮೊದಲೇ ಹೇಳಲ್ಲ.

ಇನ್ನೊಂದು, ಡಿಸ್ಕನ್ನು ಫ್ರೀಜರ್‌ನಲ್ಲಿಟ್ಟರೆ ಬದುಕುತ್ತೆ ಅಂತ ಕೆಲವರು ಹೇಳುತ್ತಾರೆ. ದಯವಿಟ್ಟು ಬೇಡ. ಹೊರಗೆ ತೆಗೆದ ಕೂಡಲೇ ತೇವ ಕೂರುತ್ತದೆ, ಅದು ತಟ್ಟೆಗೂ ಸರ್ಕ್ಯೂಟಿಗೂ ಕೆಡುಕು. ಡಿಸ್ಕಿನ ಮುಚ್ಚಳ ಬಿಚ್ಚೋದೂ ಬೇಡ, ಒಂದು ಕಣ ಧೂಳು ಸಾಕು ಹೆಡ್ ಹಾಳಾಗಲು.

ಎಲ್ಲ ಸದ್ದೂ ಇಷ್ಟು ಭಯಂಕರ ಅಲ್ಲ, ಅದನ್ನೂ ಹೇಳಬೇಕು. ಆನ್ ಮಾಡಿದಾಗ ಬೀಪ್ ಬಂದು ಸ್ಕ್ರೀನ್ ಕಪ್ಪಗೇ ಇದ್ದರೆ ಬೀಪ್ ಎಷ್ಟು, ಉದ್ದವೋ ಗಿಡ್ಡವೋ ಅಂತ ಬರೆದುಕೊಳ್ಳಿ, ಹಳೇ ಅವಾರ್ಡ್ ಬಯಾಸ್‌ನಲ್ಲಿ (ಆನ್ ಆದ ಕೂಡಲೇ ಮೊದಲು ಓಡುವ ಪ್ರೋಗ್ರಾಂ ಬಯಾಸ್, ಅವಾರ್ಡ್ ಅದನ್ನು ಮಾಡುತ್ತಿದ್ದ ಕಂಪನಿ) ಒಂದು ಉದ್ದ ಎರಡು ಗಿಡ್ಡ ಅಂದರೆ ಡಿಸ್‌ಪ್ಲೇ ಕಾರ್ಡ್ ತೊಂದರೆ. ಮೌಸ್ ಆಡಿಸಿದಂತೆಲ್ಲ ಕೀರಲು ಸದ್ದು ಬಂದರೆ ಅದು ಸಾಮಾನ್ಯವಾಗಿ ಒಳಗಿನ ತಂತಿ ಸುರುಳಿ (ಕಾಯಿಲ್) ಕಂಪಿಸುವ ಸದ್ದು ಅಥವಾ ಸ್ಪೀಕರ್‌ಗೆ ಸೇರಿಕೊಂಡ ಗಲಾಟೆ, ಸ್ಪೀಕರ್ ಕಿತ್ತು ನೋಡಿದರೆ ಯಾವುದು ಅಂತ ತಿಳಿಯುತ್ತದೆ. ಇದ್ದಕ್ಕಿದ್ದ ಹಾಗೆ ಯಾರೋ ಮಾತಾಡಿದಂತೆ ಕೇಳಿದರೆ ವಾಲ್ಯೂಮ್ ಮಿಕ್ಸರ್ ತೆರೆಯಿರಿ, ಯಾವ ಪ್ರೋಗ್ರಾಂ ಅಂತ ಅಲ್ಲೇ ಕಾಣುತ್ತದೆ. ಆ ದನಿ ನಿಮ್ಮ ಕಂಪ್ಯೂಟರ್ ಲಾಕ್ ಆಗಿದೆ, ಈ ನಂಬರ್‌ಗೆ ಕರೆ ಮಾಡಿ ಅಂದರೆ ಅದು ಮೋಸ. ಮೈಕ್ರೋಸಾಫ್ಟ್‌ನ ನಿಜವಾದ ಎಚ್ಚರಿಕೆಯಲ್ಲಿ ಫೋನ್ ನಂಬರ್ ಇರುವುದಿಲ್ಲ. ಪವರ್ ಸಪ್ಲೈಯಿಂದ ಚಟಪಟ ಸದ್ದು, ಸುಟ್ಟ ವಾಸನೆ ಬಂದರೆ ಮಾತ್ರ ತಕ್ಷಣ ಗೋಡೆಯ ಸ್ವಿಚ್ ಆರಿಸಿ. ಅದರ ಡಬ್ಬಿ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರಬಹುದು.

ರಿಪೇರಿಗೆ ಕೊಡಲೇಬೇಕಾದರೆ ಡಿಸ್ಕನ್ನು ಬಿಚ್ಚಿ ಮನೆಯಲ್ಲೇ ಇಟ್ಟುಕೊಂಡು ಉಳಿದದ್ದನ್ನು ಕೊಡಿ. ಟಿಕ್ ಅನ್ನುವ ಡಿಸ್ಕ್ ನೇರವಾಗಿ ಡೇಟಾ ರಿಕವರಿಯವರ ಕೈಗೇ ಹೋಗಲಿ, ಬೇರೆ ಯಾರೂ ಅದಕ್ಕೆ ಕರೆಂಟ್ ಕೊಡುವುದು ಬೇಡ. ಬಿಚ್ಚೋಕೆ ಬರಲ್ಲ ಅಂದರೆ ರಿಪೇರಿಯವರ ಹತ್ತಿರ ನಿಮ್ಮ ಎದುರಿಗೇ ಬಿಚ್ಚಿಸಿ ಕೈಗೆ ತೆಗೆದುಕೊಳ್ಳಿ. ಬಾಯಿಮಾತಿನಲ್ಲಿ ಕಾಪಿ ಮಾಡಿ ಅಂತ ಹೇಳಿ ಬಂದರೆ ಸಾಲದು.