ತೇಗದ ಬೀರು, ಕಾರೈಕುಡಿಯ ಗಾಜಿನ ಬೀರು, ಉಕ್ಕಿನ ಬೀರು: ಮನೆಗೆ ಯಾವುದು?

ಹಳೆ ಬೀರು ಕೊಳ್ಳಲು ಹೊರಟವರಿಗೆ ನಾನು ಹೇಳುವುದು ಒಂದೇ ಮಾತು. ಮುಂದೆ ನಿಂತು ಮೆಚ್ಚಬೇಡಿ, ಹಿಂದೆ ಹೋಗಿ ನೋಡಿ. ಬಾಗಿಲ ಕೆತ್ತನೆ, ಹಿತ್ತಾಳೆ ಹಿಡಿ, ಮಿರಮಿರ ಮಿಂಚುವ ಪಾಲಿಶ್ ಎಲ್ಲವನ್ನೂ ಹೊಸದಾಗಿ ಮಾಡಿಸಬಹುದು. ಬೆನ್ನಿನ ಹಲಗೆ, ಡ್ರಾಯರಿನ ಒಳಮೈ, ಕಾಲಿನ ಬುಡಕ್ಕೆ ಯಾರೂ ಅಷ್ಟು ಶ್ರಮ ಹಾಕುವುದಿಲ್ಲ. ಬೀರುವಿನ ನಿಜವಾದ ವಯಸ್ಸು ಗೊತ್ತಾಗುವುದು ಅಲ್ಲೇ.

ಮೈಸೂರಿನ ನಮ್ಮ ಮನೆಯಲ್ಲಿ ಹಳೆ ಬೀರುಗಳು ಒಂದೊಂದಾಗಿ ಸೇರಿಕೊಂಡಿವೆ. ತೀರ್ಥಹಳ್ಳಿ ಕಡೆ ಒಂದು ತೊಟ್ಟಿಮನೆ ಬಿಚ್ಚಿದಾಗ ಬಂದ ತೇಗದ ಬೀರು ಇದೆ. ತಮಿಳುನಾಡಿನ ಚೆಟ್ಟಿನಾಡು ಸೀಮೆಯ ಕಾರೈಕುಡಿಯಿಂದ ತಂದ ಗಾಜಿನ ಬಾಗಿಲಿನದ್ದು ಇದೆ. ಅತ್ತೆಯ ಮದುವೆಗೆ ತವರಿನವರು ಕೊಟ್ಟ ಉಕ್ಕಿನ ಬೀರು ಇನ್ನೂ ಗಟ್ಟಿಯಾಗಿದೆ. ಅಡುಗೆಮನೆಯಲ್ಲಿ ಜಾಲರಿ ಬೀರು. ಎಲ್ಲವನ್ನೂ ಮಳೆಗಾಲ, ಬೇಸಿಗೆ ಎರಡರಲ್ಲೂ ಬಳಸಿದ್ದೇನೆ. ಬಟ್ಟೆ, ಪುಸ್ತಕ, ಕಾಗದಪತ್ರಗಳನ್ನು ಒಂದರಿಂದ ಇನ್ನೊಂದಕ್ಕೆ ಸಾಗಿಸಿ ನೋಡಿದ್ದೇನೆ.

ಮೊದಲು ತೇಗದ್ದು. ನಾಲ್ಕು ಅಡಿ ಅಗಲ, ಆರೂವರೆ ಅಡಿ ಎತ್ತರ. ಇಷ್ಟು ದೊಡ್ಡದನ್ನು ಮಹಡಿಗೆ ಹೇಗೆ ಹತ್ತಿಸಿದಿರಿ ಅಂತ ಬಂದವರೆಲ್ಲ ಕೇಳುತ್ತಾರೆ. ಹಿಂದಿನ ಆಚಾರಿಗಳು ದೊಡ್ಡ ಬೀರುಗಳನ್ನು ಎಷ್ಟೋ ಸಲ ಕಳಚುವ ಹಾಗೆಯೇ ಮಾಡುತ್ತಿದ್ದರು. ನಮ್ಮದರ ತಲೆಪಟ್ಟಿ ಮೇಲಕ್ಕೆ ಎತ್ತಿದರೆ ಬಂದುಬಿಡುತ್ತದೆ. ಆಮೇಲೆ ಬೆಣೆಗಳನ್ನು ತಟ್ಟಿ ತೆಗೆದರೆ ಪಕ್ಕ, ಬೆನ್ನು, ಪೀಠ ಎಲ್ಲ ಬೇರೆ ಬೇರೆ. ಒಂದು ಮೊಳೆಯನ್ನೂ ಕೀಳಬೇಕಾಗಲಿಲ್ಲ. ಪಕ್ಕದ ಹಲಗೆಯ ತುದಿಯಲ್ಲಿ, ತಲೆಪಟ್ಟಿಯ ಒಳಗೆ ಉಳಿಯಿಂದ ಗೀರಿದ ಗುರುತುಗಳಿವೆ. ಒಂದು ಗೀರಿನ ಎದುರು ಒಂದು ಗೀರು, ಎರಡರ ಎದುರು ಎರಡು. ಮುಂದೆ ಯಾರಾದರೂ ಬಿಚ್ಚಿ ಜೋಡಿಸಿದರೆ ಅದಲುಬದಲು ಆಗಬಾರದು ಅಂತ ಮಾಡಿದ್ದು. ನಮ್ಮ ಆಚಾರಿ ಅದನ್ನು ನೋಡಿಕೊಂಡೇ ಒಂದು ಬೆಳಗ್ಗೆಯಲ್ಲಿ ಪೂರ್ತಿ ನಿಲ್ಲಿಸಿದರು. ಮಾಡಿದವನ ಹೆಸರು ಗೊತ್ತಿಲ್ಲ, ಆದರೆ ಅವನ ಜಾಗ್ರತೆ ನಮ್ಮ ಕಾಲಕ್ಕೂ ಕೆಲಸಕ್ಕೆ ಬಂತು.

ಮಲೆನಾಡಿನ ತೇವದಿಂದ ಮೈಸೂರಿನ ಒಣಹವೆಗೆ ಬಂದ ಮರ ಸ್ವಲ್ಪ ಕುಗ್ಗುತ್ತದೆ. ಬೇಸಿಗೆಯಲ್ಲಿ ಎರಡು ಬಾಗಿಲುಗಳ ನಡುವೆ ಸಂದು ಕಾಣಿಸಿಕೊಂಡಿತು, ಮಳೆಗಾಲದಲ್ಲಿ ಮತ್ತೆ ಬಿಗಿಯಾಯಿತು. ಇದು ದೋಷವಲ್ಲ. ಬಾಗಿಲ ನಡುಹಲಗೆಗೆ ಅಂಟು ಹಾಕದೆ, ಚೌಕಟ್ಟಿನೊಳಗೆ ಕೊರೆದ ಸಂದಿನಲ್ಲಿ ಸುಮ್ನೆ ಕೂರಿಸಿರುತ್ತಾರೆ. ಮರ ಹಿಗ್ಗಿ ಕುಗ್ಗಲಿ ಅಂತಲೇ ಆ ಏರ್ಪಾಡು. ಹಲಗೆ ಅಲ್ಲಾಡುತ್ತದೆ ಅಂತ ಯಾರಾದರೂ ಫೆವಿಕಾಲ್ ಸುರಿಯಲು ಬಂದರೆ ಬಿಡಬೇಡಿ. ಆಮೇಲೆ ಹಲಗೆ ಸೀಳುತ್ತದೆ.

ತೇಗದ ದೊಡ್ಡ ಗುಣ ಅದರ ಚೇಗು, ಅಂದರೆ ಕಾಂಡದ ಒಳಗಿನ ಗಟ್ಟಿ ಮರ. ಅದರಲ್ಲಿ ಎಣ್ಣೆಯ ಅಂಶ ಇರುವುದರಿಂದ ಗೆದ್ದಲು ಬೇಗ ಮುಟ್ಟುವುದಿಲ್ಲ. ಆದರೆ ಹೊರಮೈಯ ಬಿಳಿ ಮರಕ್ಕೆ ಆ ರಕ್ಷಣೆ ಇಲ್ಲ. ತೇಗ ಅಂದ ಮಾತ್ರಕ್ಕೆ ಹುಳು ಹಿಡಿಯುವುದಿಲ್ಲ ಅಂತ ಅಂಗಡಿಯವರು ಹೇಳಿದರೆ ನಂಬಬೇಡಿ. ಸಣ್ಣ ತೂತುಗಳು ಕಂಡರೆ ಕೆಳಗೆ ಕಪ್ಪು ಕಾಗದ ಹಾಸಿ ಕೆಲವು ದಿನ ಬಿಡಿ. ತೆಳು ಬಣ್ಣದ ಹೊಸ ಹುಡಿ ಬಿದ್ದರೆ ಹುಳು ಒಳಗೇ ಇದೆ ಎಂದರ್ಥ. ಹುಡಿ ಬೀಳದಿದ್ದರೆ ಹಳೆ ಗಾಯ ಇರಬಹುದು, ಆದರೂ ಒಂದು ಮಳೆಗಾಲ ಕಣ್ಣಿಟ್ಟಿರಿ.

ಈ ಬೀರುವಿನ ಒಂದು ಮಿತಿ ಹೇಳಲೇಬೇಕು. ಆಳ ಹದಿನೆಂಟು ಇಂಚು ಮಾತ್ರ. ಆ ಮನೆಯಲ್ಲಿ ಸೀರೆ, ಪಂಚೆ ಎಲ್ಲ ಮಡಚಿಡುತ್ತಿದ್ದರು, ಅಷ್ಟು ಸಾಕಾಗಿತ್ತು. ಹ್ಯಾಂಗರಿಗೆ ಅಂಗಿ ತೂಗುಹಾಕಲು ಇಪ್ಪತ್ತೆರಡು ಇಂಚಾದರೂ ಬೇಕು. ಕೋಟು, ಅಂಗಿ ಜಾಸ್ತಿ ಇರುವ ಮನೆಯವರು ಆಳವನ್ನು ಮೊದಲು ಅಳೆಯಿರಿ. ಮಡಚಿಟ್ಟ ರೇಷ್ಮೆ ಸೀರೆಗೆ ಮಾತ್ರ ಇದಕ್ಕಿಂತ ಒಳ್ಳೆಯ ಜಾಗ ನಮ್ಮನೆಯಲ್ಲಿ ಇಲ್ಲ. ಬಿಳಿ ಮಲ್ ಬಟ್ಟೆಯಲ್ಲಿ ಸುತ್ತಿ ಇಡುತ್ತೇವೆ. ಜರಿಗೆ ನುಸಿಗುಳಿಗೆ ತಾಗಬಾರದು, ಮರದ ಮೈಯೂ ನೇರವಾಗಿ ತಾಗದಿದ್ದರೆ ಒಳ್ಳೆಯದು.

ಈಗ ಕಾರೈಕುಡಿಯದ್ದು. ನೋಡಲು ಇದರ ಸಾಟಿ ಇಲ್ಲ. ತೇಗದ ಚೌಕಟ್ಟು, ಅಂಚು ಸವರಿದ ಗಾಜು, ತಲೆಯ ಮೇಲೆ ಹೂಬಳ್ಳಿಯ ಕುಸುರಿ. ಚೆಟ್ಟಿನಾಡಿನ ಸಾಹುಕಾರರು ಬರ್ಮಾದಲ್ಲಿ ಲೇವಾದೇವಿ ಮಾಡಿ, ಅಲ್ಲಿಯ ತೇಗವನ್ನು ಹಡಗಿನಲ್ಲಿ ತರಿಸಿ ಅರಮನೆಯಂಥ ಮನೆ ಕಟ್ಟಿಸಿದ್ದರು. 1942ರಲ್ಲಿ ಜಪಾನೀಯರು ಬರ್ಮಾ ಹಿಡಿದ ಮೇಲೆ ಆ ವ್ಯಾಪಾರ ಮುರಿಯಿತು. ಮುಂದೆ ಎಷ್ಟೋ ಮನೆಗಳು ಬಿಚ್ಚಿಹೋದವು. ಕಂಬ, ಬಾಗಿಲು, ಬೀರು, ಪಿಂಗಾಣಿ ಎಲ್ಲ ಮಾರಾಟಕ್ಕೆ ಬಂತು. ಕಾರೈಕುಡಿಯ ಮುನೀಶ್ವರನ್ ಕೋವಿಲ್ ಬೀದಿಯ ಅಂಗಡಿಗಳಲ್ಲಿ ಇವತ್ತಿಗೂ ಅಂಥ ಸಾಮಾನು ಸಿಗುತ್ತದೆ.

ಇಲ್ಲಿಯೇ ಕಣ್ಣು ಜಾಸ್ತಿ ಚುರುಕಾಗಿರಬೇಕು. ಹಳೆ ಕಿಟಕಿಯನ್ನೋ ಬಾಗಿಲನ್ನೋ ತೆಗೆದು, ಅದಕ್ಕೆ ಹೊಸ ಮಾವಿನ ಮರದ ಒಡಲು ಕಟ್ಟಿ, ಎಲ್ಲಕ್ಕೂ ಒಂದೇ ಕಪ್ಪು ಬಣ್ಣ ಬಳಿದು ಹಳೆ ಬೀರು ಅಂತ ಮಾರುವುದು ಎಲ್ಲ ಊರಲ್ಲೂ ಇದೆ. ಡ್ರಾಯರನ್ನು ಪೂರ್ತಿ ಹೊರಗೆಳೆದು ತಿರುಗಿಸಿ ನೋಡಿ. ನಿಜವಾಗಿ ಹಳೆಯದಾದರೆ ಒಳಗೆ ಸಾಮಾನ್ಯವಾಗಿ ಪಾಲಿಶ್ ಇರುವುದಿಲ್ಲ, ಮರ ತಾನಾಗಿ ಕಂದಿರುತ್ತದೆ. ಜಾರುವ ತಳದ ಅಂಚು ಸವೆದು ಓರೆಯಾಗಿರುತ್ತದೆ. ಒಳಗೂ ಹೊರಗೂ ಒಂದೇ ಬಣ್ಣ ಇದ್ದರೆ ಅನುಮಾನ ಪಡಿ. ಸ್ಕ್ರೂಗಳನ್ನೂ ನೋಡಿ. ತಲೆಯಲ್ಲಿ + ಆಕಾರದ ಗೀರಿರುವ ಫಿಲಿಪ್ಸ್ ಸ್ಕ್ರೂ ಬಳಕೆಗೆ ಬಂದದ್ದೇ 1930ರ ದಶಕದಲ್ಲಿ. ನೂರೈವತ್ತು ವರ್ಷದ್ದು ಅಂದ ಬೀರುವಿನ ಬಾಗಿಲ ಕೀಲುಗಳಿಗೆ ಅದು ಇದ್ದರೆ, ಒಂದೋ ರಿಪೇರಿ ಆಗಿದೆ, ಇಲ್ಲವೇ ಕಥೆ ಕಟ್ಟಿದ್ದಾರೆ. ರಿಪೇರಿ ಆದದ್ದು ತಪ್ಪೇನಲ್ಲ, ಆದರೆ ಬೆಲೆ ಇಳಿಯಬೇಕು ಅಲ್ವಾ?

ನಾವು ತಂದದ್ದರ ಒಡಲು ಹಳೆಯದೇ, ಬೆನ್ನು ಮಾತ್ರ ಪ್ಲೈವುಡ್. ಅದು ಗೊತ್ತಿದ್ದೇ, ಅದಕ್ಕೆ ತಕ್ಕ ಬೆಲೆಗೆ ಕೊಂಡೆವು. ಬಳಕೆಯಲ್ಲಿ ಹೇಗೆ ಅಂದರೆ, ಬಟ್ಟೆಗೆ ಬೇಡವೇ ಬೇಡ. ಗಾಜಿನಿಂದ ಬೆಳಕು ಬೀಳುತ್ತದೆ, ಮಡಿಕೆಯ ಅಂಚಿನಲ್ಲಿ ಬಣ್ಣ ಮಾಸುತ್ತದೆ. ಕುಸುರಿಯ ಸಂದಿನಲ್ಲಿ ಧೂಳು ಕೂತರೆ ಬಟ್ಟೆಯಿಂದ ಬರುವುದಿಲ್ಲ, ಬಣ್ಣ ಹೊಡೆಯುವ ಮೆತ್ತನೆಯ ಬ್ರಶ್ ಬೇಕು. ಪುಸ್ತಕಕ್ಕೆ, ಕಂಚು ಹಿತ್ತಾಳೆ ಪಾತ್ರೆಗೆ ಚೆನ್ನಾಗಿ ಒಪ್ಪುತ್ತದೆ. ನಡುಮನೆಯಲ್ಲಿ ಬಿಸಿಲು ನೇರ ಬೀಳದ ಗೋಡೆಗೆ ನಿಲ್ಲಿಸಿದ್ದೇವೆ. ಅಲ್ಲಿ ಅದು ಚೆಂದ.

ಉಕ್ಕಿನ ಬೀರುವನ್ನು ಹಳೆ ಸಾಮಾನಿನ ಸಾಲಿಗೆ ಸೇರಿಸಲು ಕೆಲವರು ಒಪ್ಪುವುದಿಲ್ಲ. ಆದರೆ ಗೋದ್ರೆಜ್‌ನವರು ಉಕ್ಕಿನ ಬೀರು ಮಾಡಲು ಶುರುಮಾಡಿದ್ದು 1923ರಲ್ಲಿ. ನೂರು ವರ್ಷ ದಾಟಿತು. ನಮ್ಮ ಎಷ್ಟೋ ಮನೆಗಳಲ್ಲಿ ಯಾರು ಮಾಡಿದ್ದಾದರೂ ಅದು ಗಾಡ್ರೆಜ್ ಬೀರುವೇ. ಅತ್ತೆಯದ್ದು ಸ್ಥಳೀಯ ವರ್ಕ್‌ಶಾಪಿನದು. ಹಿಡಿ ತಿರುಗಿಸಿದರೆ ಮೇಲಕ್ಕೂ ಕೆಳಕ್ಕೂ ಒಟ್ಟಿಗೆ ಸರಳು ಓಡಿ ಖಟ್ ಅಂತ ಕೂರುತ್ತದೆ. ಒಳಗೆ ಲಾಕರು, ಅದರೊಳಗೆ ಇನ್ನೊಂದು ಗುಟ್ಟಿನ ಖಾನೆ. ಹಳೆಯದು ಕೊಳ್ಳುವವರು ಬಾಗಿಲನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಇಪ್ಪತ್ತು ಗೇಜಿನ ತಗಡು ಸುಮಾರು 0.9 ಮಿಲಿಮೀಟರ್ ದಪ್ಪ, ಇಪ್ಪತ್ತೆರಡರದ್ದು ಸುಮಾರು 0.7. ಅಷ್ಟೇ ವ್ಯತ್ಯಾಸವಾದರೂ ಬೆರಳಿಗೆ ಗೊತ್ತಾಗುತ್ತದೆ, ತೆಳುವಾದದ್ದು ಡಬ್ಬದ ಹಾಗೆ ಸದ್ದು ಮಾಡುತ್ತದೆ.

ಕಾಗದಪತ್ರ, ಒಡವೆ, ಪಾಸ್‌ಪೋರ್ಟ್ ಇಡಲು ನಾನು ಮರವನ್ನು ನಂಬುವುದಿಲ್ಲ, ಇದನ್ನೇ ನಂಬುವುದು. ಆದರೆ ಎರಡು ಕಡೆ ಸೋಲುತ್ತದೆ. ನೆಲ ಒರೆಸುವ ನೀರು ತಗುಲಿ ಕಾಲಿನ ಬುಡ ತುಕ್ಕು ಹಿಡಿಯುತ್ತದೆ, ಹಾಗಾಗಿ ಕೆಳಗೆ ರಬ್ಬರ್ ಬುಡ ಬೇಕು. ಇನ್ನೊಂದು, ಮಳೆಗಾಲದ ತಣ್ಣನೆಯ ಹೊರಗೋಡೆಗೆ ಒತ್ತಿ ನಿಲ್ಲಿಸಿದರೆ ತಗಡು ಬೆವರುತ್ತದೆ, ಒಳಗಿನ ಬಟ್ಟೆಗೆ ಬೂಷ್ಟು ಬರುತ್ತದೆ. ಉಕ್ಕಿಗೆ ಗೆದ್ದಲು ಇಲ್ಲ ನಿಜ. ಆದರೆ ಬೀರು ಗೋಡೆಗೆ ತಾಗಿದ್ದರೆ ಗೆದ್ದಲು ಅದರ ಮೇಲೆ ಮಣ್ಣಿನ ದಾರಿ ಕಟ್ಟಿಕೊಂಡು ಹತ್ತಿ ಒಳಗಿನ ಕಾಗದ ತಿನ್ನುತ್ತದೆ. ಮೂರು ಇಂಚು ಜಾಗ ಬಿಟ್ಟು ನಿಲ್ಲಿಸಿ.

ಜಾಲರಿ ಬೀರುವಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಚೆನ್ನಾಗಿದೆ ಅಷ್ಟೇ. ಫ್ರಿಜ್ ಬರುವ ಮುಂಚೆ ಹಾಲು, ಮೊಸರು, ಉಳಿದ ಅನ್ನ ಇಡುತ್ತಿದ್ದದ್ದು. ಕಾಲುಗಳ ಕೆಳಗೆ ನೀರಿನ ಬಟ್ಟಲಿಟ್ಟರೆ ಇರುವೆ ಹತ್ತುವುದಿಲ್ಲ. ಈಗ ಈರುಳ್ಳಿ, ಆಲೂಗಡ್ಡೆ, ಬಾಳೆಹಣ್ಣಿಗೆ ಇದಕ್ಕಿಂತ ಗಾಳಿಯಾಡುವ ಜಾಗ ಬೇರೆ ಇಲ್ಲ. ತುಕ್ಕಿನ ಜಾಲರಿ ಕಿತ್ತು ಸ್ಟೀಲಿನದ್ದು ಹಾಕಿಸಿದರೆ ಮುಗಿಯಿತು. ಸಣ್ಣ ಅಪಾರ್ಟ್‌ಮೆಂಟಿನವರು ಒಂದೇ ಒಂದು ಹಳೆ ಸಾಮಾನು ಕೊಳ್ಳುವುದಾದರೆ ಇದನ್ನೇ ಕೊಳ್ಳಿ ಅನ್ನುತ್ತೇನೆ. ಹಗುರ, ಅಗ್ಗ, ದಿನಾ ಕೆಲಸಕ್ಕೆ ಬರುತ್ತದೆ.

ಜಾಗ ಇರುವವರಿಗೆ ನನ್ನ ಮೊದಲ ಆಯ್ಕೆ ಕಳಚಿ ಜೋಡಿಸುವ ತೇಗದ ಬೀರು, ಅದೂ ಕೆತ್ತನೆ ಇಲ್ಲದ್ದು. ನೆಲಮಹಡಿಯಲ್ಲಿ ಗೋಡೆಗೆ ತೇವ ಏರುವ ಮನೆಯಾದರೆ ಉಕ್ಕಿನದ್ದು. ಗಾಜಿನದ್ದು ಮೂರನೆಯದು. ಬೀಟೆಮರದ್ದು ಸಿಕ್ಕರೆ ಅದೃಷ್ಟ, ಆದರೆ ತೇಗಕ್ಕಿಂತ ಭಾರ, ಬೆಲೆಯೂ ಜಾಸ್ತಿ. ವಿದೇಶದಲ್ಲಿರುವ ಮಕ್ಕಳಿಗೆ ಕಳಿಸುವ ಯೋಚನೆ ಇದ್ದರೆ ಮೊದಲೇ ವಿಚಾರಿಸಿ. ಅಳಿವಿನ ಅಪಾಯದ ಗಿಡಮರ, ಪ್ರಾಣಿಗಳ ವಿದೇಶಿ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಅನ್ನುವ ಅಂತರರಾಷ್ಟ್ರೀಯ ಒಪ್ಪಂದದ ನಿಯಂತ್ರಣದಲ್ಲಿ ಬೀಟೆ 2017ರಿಂದ ಇದೆ. ನೂರು ವರ್ಷ ದಾಟಿದ ಪ್ರಾಚೀನ ವಸ್ತುಗಳನ್ನು ಖಾಸಗಿಯವರು ದೇಶದ ಹೊರಗೆ ಒಯ್ಯುವುದನ್ನು 1972ರ ಕಾನೂನು ತಡೆಯುತ್ತದೆ.

ಯಾವ ಮರದ್ದೇ ತನ್ನಿ, ಪಾಲಿಶ್ ಮಾಡುವವರಿಗೆ ಮೆಷಿನ್ನಿನಿಂದ ಉಜ್ಜಲು ಬಿಡಬೇಡಿ. ಅಂಚುಗಳು ಮೊಂಡಾಗುತ್ತವೆ, ಉಳಿಯ ಗುರುತುಗಳು ಅಳಿಸಿಹೋಗುತ್ತವೆ. ಕಾಣದ ಮೂಲೆಯಲ್ಲಿ ಹತ್ತಿಗೆ ಸ್ವಲ್ಪ ಸ್ಪಿರಿಟ್ ಅದ್ದಿ ಉಜ್ಜಿ ನೋಡಿ. ಅಂಟಂಟಾದರೆ ಅದು ಅರಗಿನ ಹಳೆ ಪಾಲಿಶ್. ಅದನ್ನು ಕೀಳುವುದು ಬೇಡ, ಅದರ ಮೇಲೆಯೇ ಮತ್ತೊಂದು ಕೈ ಅರಗು ಹಚ್ಚಬಹುದು. ಬಿಸಿ ಪಾತ್ರೆ ಇಟ್ಟರೆ, ನೀರು ನಿಂತರೆ ಬಿಳಿ ಕಲೆ ಆಗುತ್ತದೆ ನಿಜ, ಆದರೆ ಕಲೆ ಆದ ಕಡೆ ಮಾತ್ರ ಸರಿಮಾಡಿಸಿಕೊಳ್ಳಬಹುದು. ಪಿಯು (ಪಾಲಿಯುರೆಥೇನ್) ಪಾಲಿಶ್ ಗೀರಿದರೆ ಹಾಗೆ ತೇಪೆ ಹಾಕುವುದು ಕಷ್ಟ, ಇಡೀ ಬಾಗಿಲನ್ನೇ ಮತ್ತೆ ಮಾಡಿಸಬೇಕಾಗಿ ಬರುತ್ತದೆ.